ಷಡ್ಡಕನ ಸೀ ಹಾಕ್

ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಪಡದ ಗಂಡಸು ಭಟ್ಕಳದಿಂದ ಕುಮಟೆಯವರೆಗೆ ಒಬ್ಬನಾದರೂ ಇದ್ದರೆ ಕರೆದುಕೊಂಡು ಬನ್ನಿ, ಕಾಲಿಗೆ ಬೀಳೋಣ. ದೇವರಾಜ ಮೊಗೇರ ಅಂಥವನಲ್ಲ. ಹಾಗಂತ ಕೆಟ್ಟವನೂ ಅಲ್ಲ. ಭಟ್ಕಳ ಬಂದರದ ದಾರಿಯಲ್ಲಿ ಬೋಟಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡು, ಹೆಂಡತಿ ಪವಿತ್ರಾಳ ಮಾತು ಅಷ್ಟಿಷ್ಟು ಕೇಳಿಕೊಂಡು, ಯಾರ ಗೊಡವೆಗೂ ಹೋಗದೆ ಇದ್ದವನು. ಷಡ್ಡಕನ ವಿಷಯವೊಂದು ಬಿಟ್ಟರೆ ಅವನನ್ನು ಬೈಯುವುದಕ್ಕೆ ಊರಿನವರಿಗೆ ಏನೂ ಸಿಗುತ್ತಿರಲಿಲ್ಲ.

ಅಂಗಡಿ ಬಾಗಿಲು ಎಳೆದು ಮನೆಗೆ ಬಂದರೆ ಅವನಿಗೆ ಒಂದೇ ಹುಚ್ಚು, ವಿಮಾನ. ಹಾರುವ ವಿಮಾನವಲ್ಲ, ಅಂಗೈ ಮೇಲೆ ಕೂರುವ ಪ್ಲಾಸ್ಟಿಕ್ಕಿನದು. ಡಬ್ಬಿಯಲ್ಲಿ ತುಂಡು ತುಂಡಾಗಿ ಬರುವುದನ್ನು ಅಂಟಿಸಿ, ಉಜ್ಜಿ, ಬಣ್ಣ ಹೊಡೆದು, ನಿಜವಾದ ವಿಮಾನವನ್ನೇ ಯಾರೋ ಮಂತ್ರ ಹಾಕಿ ಕುಗ್ಗಿಸಿದ್ದಾರೆ ಅನ್ನುವ ಹಾಗೆ ನಿಲ್ಲಿಸುವುದು. ಬಣ್ಣ ಹೊಡೆಯುವುದಕ್ಕೆ ಏರ್‌ಬ್ರಷ್ ಇತ್ತು. ಏರ್‌ಬ್ರಷ್ ಅಂದರೆ ಪೆನ್ನಿನ ಗಾತ್ರದ ಸ್ಪ್ರೇ ಗನ್ನು ಅಂದುಕೊಳ್ಳಿ. ಅದಕ್ಕೆ ಗಾಳಿ ಕೊಡಲು ಹಳೆಯ ಫ್ರಿಜ್ಜಿನ ಕಂಪ್ರೆಸರನ್ನು ಕಿತ್ತು ತಾನೇ ಜೋಡಿಸಿಕೊಂಡಿದ್ದ. ಮನೆಯ ಹಿಂದಿನ ಕೋಣೆಯಲ್ಲಿ ಅದು ಗುಂಯ್ ಅನ್ನತೊಡಗಿದರೆ ಪಕ್ಕದ ಮನೆಯವರು, 'ಹ್ಞಾ, ದೇವರಾಜನ ಆಟ ಶುರುವಾಯ್ತು' ಅನ್ನುತ್ತಿದ್ದರು. ಮೀಸೆ ನರೆಯುವ ಹೊತ್ತಿಗೆ ಗೊಂಬೆ ಕಟ್ಟುವವನನ್ನು ಜನ ಇನ್ನೇನು ಅಂದಾರು?

ಜನ ಏನಾದರೂ ಅನ್ನಲಿ, ಮಾವ ಒಬ್ಬರು ಮೆಚ್ಚಿದರೆ ಸಾಕಿತ್ತು ಅವನಿಗೆ. ಮಾವ ಅಂದರೆ ತೆಂಗಿನಗುಂಡಿಯ ಶನಿಯಾರ ಮೊಗೇರ. ಊರಿನಲ್ಲಿ 'ನೇವಿ ಶನಿಯಾರ' ಅಂತಲೇ ಹೆಸರು. ಹುಡುಗನಾಗಿದ್ದಾಗಲೇ ದೋಣಿ ಬಿಟ್ಟು ನೌಕಾಪಡೆ ಸೇರಿದವರು. ವಿಮಾನ ಹೊತ್ತು ತಿರುಗುವ ದೊಡ್ಡ ಹಡಗಿನ ಮೇಲೆ, ಬಂದಿಳಿದ ವಿಮಾನಗಳನ್ನು ತಳ್ಳುವುದು, ಸರಪಳಿಯಲ್ಲಿ ಕಟ್ಟುವುದು, ತೊಳೆಯುವುದು, ಇದೇ ಅವರ ಕೆಲಸವಾಗಿತ್ತು. ವಿಮಾನ ಹಾರಿಸಿದವರಲ್ಲ. ಆದರೂ ಅವರು ಮಾತಾಡುವುದು ಕೇಳಿದರೆ ಆ ವಿಮಾನಗಳೆಲ್ಲ ಅವರ ಕೊಟ್ಟಿಗೆಯಲ್ಲೇ ಕರು ಹಾಕಿದ್ದವೇನೋ ಅನ್ನಿಸುತ್ತಿತ್ತು. ಈಗ ಎಪ್ಪತ್ತು ದಾಟಿದೆ, ಬೆನ್ನು ಮಾತ್ರ ಇನ್ನೂ ಕೋಲಿನ ಹಾಗೆ ನೆಟ್ಟಗೆ.

ದೇವರಾಜ ಮದುವೆಯಾದ ಹೊಸತರಲ್ಲಿ ಈ ಮಾವನ ಎದುರು ನಿಲ್ಲುವುದಕ್ಕೇ ಹೆದರುತ್ತಿದ್ದ. ಮಾತಿಗೆ ಮಾತು ಸೇರುತ್ತಿರಲಿಲ್ಲ. ಆಗ ಹೊಳೆದದ್ದು ಈ ವಿಮಾನದ ಉಪಾಯ. ಮುಂಬಯಿಯಿಂದ ಒಂದು ಕಿಟ್ ತರಿಸಿ, ಅಂಟೆಲ್ಲ ಕೈಗೆ ಮೆತ್ತಿಕೊಂಡು, ಹೇಗೋ ಒಂದು ಸೀ ಹ್ಯಾರಿಯರ್ ಯುದ್ಧವಿಮಾನ ಮಾಡಿ ತಂದು ಮಾವನ ಕೈಯಲ್ಲಿಟ್ಟ. ಮಾವ ಅದನ್ನು ತಿರುಗಿಸಿ ನೋಡಿ, ಮೂಗು ಒರೆಸಿಕೊಂಡು, 'ಲಾಯ್ಕ ಇತ್ತು' ಅಂದರು. ಅಷ್ಟೇ. ಆ ಎರಡು ಮಾತಿಗೆ ದೇವರಾಜ ಜೀವಮಾನವನ್ನೇ ಬರೆದುಕೊಟ್ಟುಬಿಟ್ಟ.

ಮಾವ ಜಗಲಿಯಲ್ಲಿ ಗಾಜಿನ ಕಪಾಟು ಮಾಡಿಸಿದರು. ವರ್ಷಕ್ಕೊಂದರ ಹಾಗೆ ಅದರಲ್ಲಿ ದೇವರಾಜನ ವಿಮಾನಗಳು ಬಂದು ಕೂತವು, ಹೆಲಿಕಾಪ್ಟರ್ ಕೂಡ. ಎಲ್ಲವೂ ಕನ್ನಡಿಯ ಹಾಗೆ ಫಳಫಳ. ನಡುವಿನ ಜಾಗವೊಂದು ಮಾತ್ರ ಖಾಲಿ. ಅದು ಸೀ ಹಾಕ್ ಎಂಬ ಹಳೆಯ ಯುದ್ಧವಿಮಾನಕ್ಕೆ ಮೀಸಲು. ಮಾವ ಹಡಗಿಗೆ ಸೇರಿದಾಗ ಮೊದಲು ಕೈಯಿಟ್ಟು ತಳ್ಳಿದ್ದು ಅದನ್ನೇ. ಅದರ ಕಿಟ್ ಎಲ್ಲಿ ಹುಡುಕಿದರೂ ದೇವರಾಜನಿಗೆ ಸಿಕ್ಕಿರಲಿಲ್ಲ. ಬಂದ ನೆಂಟರಿಗೆಲ್ಲ ಮಾವ ಆ ಖಾಲಿ ಜಾಗ ತೋರಿಸಿ, 'ಅಲ್ಲಿ ನಮ್ಮ ಸೀ ಹಾಕ್ ಬತ್ತದೆ, ದೇವರಾಜ ಮಾಡ್ತ' ಅನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ದೇವರಾಜನ ಎದೆ ಒಂದಂಗುಲ ಉಬ್ಬುತ್ತಿತ್ತು.

ಇಂಥ ಹೊತ್ತಿನಲ್ಲಿ ಬಂದವನು ಮಧುಸೂದನ. ಪವಿತ್ರಾಳ ತಂಗಿ ದಿವ್ಯಶ್ರೀಯ ಗಂಡ. ಕುಮಟೆಯವನು, ಹೊನ್ನಾವರದಲ್ಲಿ ಕೃತಕ ಹಲ್ಲು ತಯಾರಿಸುವ ಪುಟ್ಟ ಲ್ಯಾಬ್ ಇಟ್ಟುಕೊಂಡವನು. ಮದುವೆಯಾಗಿ ಮೊದಲ ಸಲ ಮಾವನ ಮನೆಗೆ ಬಂದ ದಿನ, ಅತ್ತೆ ಸುಬ್ಬಿ ಶರಬತ್ತು ಹಿಡಿದುಕೊಂಡು ಕಾಯುತ್ತಿದ್ದರೂ ಅವನು ಕಪಾಟಿನ ಗಾಜಿಗೆ ಮೂಗು ಒತ್ತಿ ನಿಂತೇ ಇದ್ದ.

"ದೇವಣ್ಣ, ಈ ರೆಕ್ಕೆ ಅಡಿಯ ಗೆರೆಗೆ ಮಸಿ ಇಳಿಸಿದ್ದು ಹ್ಯಾಂಗೆ? ಬ್ರಷ್ಷಿನಲ್ಲಾ?" ಅಂತ ಕೇಳಿದ.

ದೇವರಾಜನಿಗೆ ಕಣ್ಣು ತುಂಬಿ ಬರುವುದೊಂದು ಬಾಕಿ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ನರಮನುಷ್ಯ ಆ ಗೆರೆಯನ್ನು ನೋಡಿರಲಿಲ್ಲ. ಮಾವನೂ ನೋಡಿರಲಿಲ್ಲ. ಪವಿತ್ರಾ ಅಂತೂ, 'ಎಂತ ಚಂದ' ಅನ್ನುವುದು ಬಿಟ್ಟು ಬೇರೆ ಹೇಳಿದವಳಲ್ಲ. ಅವತ್ತು ಊಟದ ಎಲೆ ಎತ್ತುವವರೆಗೂ ಷಡ್ಡಕರಿಬ್ಬರೂ ಪ್ರೈಮರು, ಥಿನ್ನರು, ಉಜ್ಜುವ ಕಾಗದ ಇದೇ ಮಾತು. "ನಂಗೂ ಹೇಳಿಕೊಡಿ ದೇವಣ್ಣ" ಅಂದ ಮಧು. "ಅದಕ್ಕೆಂತ, ಬಾ" ಅಂದ ದೇವರಾಜ.

ದೀಪಾವಳಿ ಕಳೆದ ಮೇಲೆ ಮಧು ಶುರು ಹಚ್ಚಿಕೊಂಡ. ಸಂಜೆಯಾದರೆ ಫೋನು. ಬಣ್ಣ ಎಷ್ಟು ತೆಳ್ಳಗಿರಬೇಕು, ಏರ್‌ಬ್ರಷ್ಷಿನ ಸೂಜಿ ಕಟ್ಟಿಕೊಂಡರೆ ಏನು ಮಾಡಬೇಕು, ಎಲ್ಲದಕ್ಕೂ ದೇವಣ್ಣ. ಮೊಬೈಲಿನಲ್ಲಿ ವಿಲಾಯತಿಯವರು ಹೇಳುವ ಪಾಠ ನೋಡುತ್ತೇನೆ ಅಂದರೆ ದೇವರಾಜನೇ ತಡೆಯುತ್ತಿದ್ದ. "ಅವರ ಗಾಳಿ ಬೇರೆ ಮಾರಾಯ. ನಮ್ಮದು ಉಪ್ಪುಗಾಳಿ. ಅವರು ಹೇಳಿದ್ದು ಇಲ್ಲಿ ನಡೆಯೂದಿಲ್ಲ. ನನ್ನತ್ರ ಕೇಳು." ಮಧು ಅದನ್ನು ವೇದವಾಕ್ಯ ಅಂತ ಹಿಡಿದುಕೊಂಡ. ದೇವರಾಜನಿಗೂ ಆ ದಿನಗಳಲ್ಲಿ ಎಷ್ಟು ಖುಷಿಯಿತ್ತೆಂದರೆ, ಫೋನು ಐದು ನಿಮಿಷ ತಡವಾದರೆ ತಾನೇ ಮಾಡುತ್ತಿದ್ದ.

ಗುರುವಿಗೆ ಶಿಷ್ಯ ಬೇಕು, ಆದರೆ ಶಿಷ್ಯನ ಕೈ ಗುರುವಿಗಿಂತ ಒಂದು ಗುಲಗಂಜಿಯಷ್ಟಾದರೂ ಕಮ್ಮಿ ಇರಬೇಕು. ಮಧುವಿನ ಕೈ ಹಾಗಿರಲಿಲ್ಲ. ಮೊದಲನೆಯದು ಅಡ್ಡಾದಿಡ್ಡಿ ಬಂತು, ದೇವರಾಜ ದೊಡ್ಡ ಮನಸ್ಸಿನಿಂದ ಬೆನ್ನು ತಟ್ಟಿದ. ಎರಡನೆಯದು ಬಂದಾಗ ತಟ್ಟುವ ಕೈ ಅರ್ಧಕ್ಕೇ ನಿಂತಿತು. ಹಲ್ಲಿಗೆ ಬಣ್ಣ ಕೊಟ್ಟು ಪಳಗಿದವನ ಕೈ ಅದು. ಒಬ್ಬೊಬ್ಬರ ಬಾಯಿಯ ಹಳದಿ ಒಂದೊಂದು, ಅದಕ್ಕೆ ಸರಿಹೊಂದಿಸಿ ಕೊಟ್ಟು ಕೊಟ್ಟು ಅವನ ಕಣ್ಣಿಗೆ ಬಣ್ಣದ ನಡುವಿನ ಬಣ್ಣವೂ ಕಾಣುತ್ತಿತ್ತು. ದೇವರಾಜನ ವಿಮಾನದಲ್ಲಿ ಬೂದು ಅಂದರೆ ಬರೀ ಬೂದು. ಮಧುವಿನದರಲ್ಲಿ ಬಿಸಿಲು ಬಿದ್ದ ಬೂದು, ನೆರಳಿನ ಬೂದು, ಕೈ ಹಿಡಿದು ಹಿಡಿದು ಸವೆದ ಬೂದು, ಎಲ್ಲ ಬೇರೆ ಬೇರೆ ಕಾಣುತ್ತಿತ್ತು. ಹಾಳಾದ್ದು, ಚಂದವೂ ಕಾಣುತ್ತಿತ್ತು.

ಯುಗಾದಿಗೆ ಎಲ್ಲರೂ ತೆಂಗಿನಗುಂಡಿಯಲ್ಲಿ ಸೇರಿದಾಗ ಮಧು ತಂದಿದ್ದ ವಿಮಾನ ನೋಡಿ ಮಾವ ಅಂದರು, "ದೇವರಾಜ, ಮಧುನ ಕೈ ಕಂಡ್ಯಾ ನೀನು? ದೇವರು ಕೊಟ್ಟ ಕೈ ಮಾರಾಯ ಅದು."

ದೇವರಾಜ ಹೋಳಿಗೆ ಬಾಯಿಗಿಟ್ಟವನು ಅಗಿಯುವುದನ್ನೇ ಮರೆತ. ತನಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದು 'ಲಾಯ್ಕ ಇತ್ತು' ಅನ್ನುವುದೊಂದೇ. ನಿನ್ನೆ ಮೊನ್ನೆ ಬಂದವನಿಗೆ ದೇವರ ಕೈ! ಹಾಗಾದರೆ ತನ್ನದೇನು, ಮರದ ಸೌಟೇ? ಮಧು ಪಾಪ, "ಎಲ್ಲ ದೇವಣ್ಣ ಕಲಿಸಿದ್ದು ಮಾವ" ಅಂದ. ಆ ಮಾತು ಉರಿಯುವ ಗಾಯಕ್ಕೆ ಉಪ್ಪು ಹಾಕಿದ ಹಾಗಾಯಿತು. ಒಳ್ಳೆಯತನ ತೋರಿಸಿ ಇನ್ನಷ್ಟು ಮೇಲೆ ಹತ್ತಿಬಿಟ್ಟನಲ್ಲ ಬಡ್ಡೀಮಗ ಅಂದುಕೊಂಡ ದೇವರಾಜ.

ಆಮೇಲೆ ಸಂಜೆಯ ಫೋನಿಗೆ ಅವನು ಉತ್ತರಿಸುವ ಧಾಟಿ ಬದಲಾಯಿತು. ಕೇಳಿದಷ್ಟಕ್ಕೆ ಮಾತ್ರ ಹೇಳುವುದು. ಮಧುವಿನ ಕೆಲಸದ ಫೋಟೋ ಬಂದರೆ ದೊಡ್ಡದು ಮಾಡಿ ಮಾಡಿ ತಪ್ಪು ಹುಡುಕುವುದು. ಸಿಗದಿದ್ದರೆ ಊಟ ಸೇರುತ್ತಿರಲಿಲ್ಲ. "ಎಂತ, ಆರೋಗ್ಯ ಸರಿ ಇಲ್ವಾ?" ಅಂತ ಪವಿತ್ರಾ ಕೇಳಿದರೆ, "ಗ್ಯಾಸು" ಅನ್ನುತ್ತಿದ್ದ. ಹೌದು, ಒಂಥರಾ ಗ್ಯಾಸೇ ಅದು.

ಮಳೆಗಾಲ ಹಿಡಿಯುವ ಮುಂಚೆ ಮಧು ಫೋನು ಮಾಡಿ, "ದೇವಣ್ಣ, ಸೀ ಹಾಕ್ ಸಿಕ್ಕಿತು" ಅಂದ.

ದೇವರಾಜನ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಕಾಲ ಮೇಲೆ ಬಿತ್ತು. ಎಲ್ಲೋ ಪುಣೆಯ ಒಬ್ಬರ ಅಟ್ಟದ ಮೇಲಿದ್ದ ಹಳೆಯ ಕಿಟ್ ಅಂತೆ. ಮಧು ಮೊಬೈಲಿನ ಯಾವುದೋ ಗುಂಪಿನಲ್ಲಿ ಕೇಳಿ ಕೇಳಿ ಪತ್ತೆ ಹಚ್ಚಿದ್ದನಂತೆ. "ಚೌತಿಗೆ ಮಾವನಿಗೆ ಕೊಡುವ ಅಂತ. ರೆಕ್ಕೆ ಮಡಚಿದ ಹಾಗೆ ಮಾಡ್ತೆ, ಹಡಗಿನಲ್ಲಿ ನಿಲ್ಲಿಸಿದ ಹಾಗೆ. ಹ್ಯಾಂಗೆ?" ಅಂತ ಕೇಳಿದ.

"ಮಾಡು" ಅಂದ ದೇವರಾಜ. ಇನ್ನೇನು ಹೇಳುವುದು? ಆ ಜಾಗ ನನ್ನದು, ಹತ್ತು ವರ್ಷದಿಂದ ಮಾವ ನನ್ನ ಹೆಸರು ಹೇಳಿ ಕಾದಿಟ್ಟ ಜಾಗ, ನಿನಗೆ ಕೊಡುವುದಿಲ್ಲ ಅಂತ ಹೇಳುವುದಕ್ಕಾಗುತ್ತದೆಯೇ? ಅವನೂ ಹಗಲೆಲ್ಲ ಮೊಬೈಲು ಕೆರೆದು ಇನ್ನೊಂದು ಸೀ ಹಾಕ್ ಹುಡುಕಿದ. ಕಡೆಗೆ ಮುಂಬಯಿಯ ಒಬ್ಬ ದೀಪಾವಳಿ ಹೊತ್ತಿಗೆ ತರಿಸಿಕೊಡುತ್ತೇನೆ ಅಂದ. ದೀಪಾವಳಿ! ಚೌತಿಗೇ ಷಡ್ಡಕನ ವಿಮಾನ ನಡುವಿನಲ್ಲಿ ಕೂತುಬಿಟ್ಟರೆ ದೀಪಾವಳಿಗೆ ಇವನದನ್ನು ಎಲ್ಲಿ ಇಡುವುದು? ನೀರೊಲೆಗೆ ಹಾಕಬೇಕಷ್ಟೆ. ಹೇಗಾದರೂ ಮಾಡಿ ಚೌತಿಯೊಂದು ದಾಟಬೇಕು, ಜಾಗ ಖಾಲಿ ಉಳಿಯಬೇಕು. ಹಗಲೂ ರಾತ್ರಿ ಇದೇ ಯೋಚನೆಯಾಯಿತು ಅವನಿಗೆ.

ಚೌತಿಗೆ ಎರಡು ದಿನ ಇರುವಾಗ, ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದ. ಹೊರಗೆ ಮಳೆ ಅಂದರೆ ಮಳೆ. ಸಮುದ್ರ ಕೆಟ್ಟು ಬೋಟುಗಳೆಲ್ಲ ಬಂದರದಲ್ಲೇ ಕಟ್ಟಿಬಿದ್ದಿದ್ದವು, ಗಿರಾಕಿ ಒಬ್ಬನೂ ಇಲ್ಲ. ಪವಿತ್ರಾ ಊಟದ ಡಬ್ಬಿ ತಂದವಳು ಮಳೆ ಕಮ್ಮಿಯಾಗಲಿ ಅಂತ ಸ್ಟೂಲಿನ ಮೇಲೆ ಕೂತಿದ್ದಳು. ಆಗ ಮಧುವಿನ ಫೋನು ಬಂತು.

"ದೇವಣ್ಣ, ಸ್ಟಿಕ್ಕರೆಲ್ಲ ಚಂದ ಕೂತ್ವು. ಇನ್ನು ಕ್ಲಿಯರ್ ಒಂದು ಬಾಕಿ. ಇಲ್ಲಿ ನಿನ್ನೆಯಿಂದ ಒಂದೇ ಸಮ ಮಳೆ. ಹೊಡಿಲಾ, ತಡಿಲಾ?"

ಇಲ್ಲಿ ಸ್ವಲ್ಪ ನಿಲ್ಲಿ, ಈ ಕ್ಲಿಯರಿನ ಸಂಗತಿ ಹೇಳುತ್ತೇನೆ. ಬಣ್ಣವೆಲ್ಲ ಮುಗಿದ ಮೇಲೆ ಕಡೆಯದಾಗಿ ಹೊಡೆಯುವ ಬಣ್ಣವಿಲ್ಲದ ವಾರ್ನಿಷ್ ಅದು. ನಮ್ಮ ಕಡೆ ಸಿಗುವುದು ಕಪಾಟು, ಮಂಚಗಳ ಪಾಲಿಶಿಗೆ ಹೊಡೆಯುವ ಎನ್‌ಸಿ ಕ್ಲಿಯರ್. ಬೇಗ ಆರುತ್ತದೆ, ಒಳ್ಳೆಯ ಹೊಳಪು. ಆದರೆ ಅದಕ್ಕೆ ಮಳೆಗಾಳಿ ಆಗುವುದಿಲ್ಲ. ಥಿನ್ನರು ಹಾರುವಾಗ ಗಾಳಿಯ ಪಸೆಯನ್ನೆಲ್ಲ ಎಳೆದುಕೊಂಡು ಬೆಳ್ಳಗೆ ಮಂಕು ಹಿಡಿದುಬಿಡುತ್ತದೆ. ಕರಾವಳಿಯ ಯಾವ ಪಾಲಿಶಿನವನನ್ನು ಬೇಕಾದರೂ ಕೇಳಿ, ಮಳೆಗಾಲದಲ್ಲಿ ಕ್ಲಿಯರ್ ಹೊಡಿ ಅಂದರೆ ಅವನು ನಿಮ್ಮ ಮುಖವನ್ನೇ ನೋಡುತ್ತಾನೆ. ದೇವರಾಜನಿಗೆ ಇದು ಚೆನ್ನಾಗಿ ಗೊತ್ತು, ಒಂದು ವಿಮಾನ ಕಳೆದುಕೊಂಡೇ ಕಲಿತದ್ದು. ಆಮೇಲಿಂದ ಜೂನ್ ಬಂತೆಂದರೆ ಕ್ಲಿಯರಿನ ಡಬ್ಬಿ ಅಟ್ಟಕ್ಕೆ. ಉಳಿದ ದಿನಗಳಲ್ಲೂ ಅವನು ಕ್ಲಿಯರ್ ಹೊಡೆಯುವಾಗ ಪವಿತ್ರಾ ಒಲೆಯ ಮೇಲೆ ಅಕ್ಕಿ ಇಡುವ ಹಾಗಿರಲಿಲ್ಲ, ಹಬೆ ಬರುತ್ತದೆ ಅಂತ. ಮಧು ಕಲಿತದ್ದು ದೀಪಾವಳಿಯ ಮೇಲೆ, ಹಾಗಾಗಿ ಮಳೆಗಾಲದ ಈ ಪಾಠ ಅವನಿಗೆ ಇನ್ನೂ ಆಗಿರಲಿಲ್ಲ.

'ತಡಿ' ಅನ್ನಬೇಕಿತ್ತು, ಎರಡೇ ಅಕ್ಷರ. ನಾಲಿಗೆಯ ತುದಿಗೆ ಬಂದೂ ಇತ್ತು.

"ಹೊಡಿ, ಎಂತ ಆತಿಲ್ಲ" ಅಂದ ದೇವರಾಜ.

"ಲ್ಯಾಬಿನಲ್ಲಿ ಏಸಿ ಇತ್ತು. ಕಿಟಕಿ ಹಾಕ್ಕಂಡು, ಏಸಿ ಹಚ್ಚಿ ಹೊಡೆದ್ರೆ ಒಳ್ಳೇದೇನೋ ಅಂತ ನಂಗೆ ಅಂದಾಜು."

ನೋಡಿ, ಅವನಿಗೆ ತನ್ನಷ್ಟಕ್ಕೇ ಸರಿಯಾದ ಉಪಾಯವೂ ಹೊಳೆದಿತ್ತು. ಏಸಿ ಹಾಕಿದರೆ ಕೋಣೆ ಒಣಗುತ್ತದೆ, ಕ್ಲಿಯರ್ ಕನ್ನಡಿಯ ಹಾಗೆ ಕೂರುತ್ತದೆ. ತಾನು ಒಂದು ವಿಮಾನ ಹಾಳುಮಾಡಿಕೊಂಡು ಕಲಿತದ್ದನ್ನು ಇವನು ಕೂತಲ್ಲೇ ಊಹಿಸಿಬಿಟ್ಟನಲ್ಲ! ದೇವರಾಜನ ಮೈಯೆಲ್ಲ ಉರಿದುಹೋಯಿತು.

"ಏಸಿ ಹಚ್ಚಬೇಡ. ತಂಪಿಗೆ ಕ್ಲಿಯರ್ ಕಚ್ಚೂದಿಲ್ಲ. ಕಿಟಕಿ ಪೂರ್ತಿ ತೆಗೆದಿಡು, ಗಾಳಿ ಆಡ್ಲಿ."

"ಆತು ದೇವಣ್ಣ. ನಿಮ್ಮತ್ರ ಕೇಳಿದ್ದು ಒಳ್ಳೇದಾಯ್ತು" ಅಂದ ಮಧು.

ಫೋನು ಇಟ್ಟಾಗ ಪವಿತ್ರಾ ಅವನನ್ನೇ ನೋಡುತ್ತಿದ್ದಳು. "ಈ ಮಳೆಲಿ ಕ್ಲಿಯರ್ ಹೊಡಿ ಅಂದ್ರಾ ನೀವು?"

"ಅದು ಬೇರೆ ಕ್ಲಿಯರು" ಅಂದ. "ನಿಂಗೆಂತ ಗೊತ್ತು?"

ಅವಳು ಕೊಡೆ ಬಿಚ್ಚಿಕೊಂಡು ಆ ಮಳೆಯಲ್ಲೇ ಹೊರಟುಹೋದಳು. ಸಂಜೆ ಮಧುವಿನ ಫೋನು ಮತ್ತೆ ಮತ್ತೆ ಬಂತು. ದೇವರಾಜ ಮೊಬೈಲನ್ನು ಕವುಚಿ ಇಟ್ಟು ಬೋಲ್ಟುಗಳನ್ನು ಎಣಿಸುತ್ತಾ ಕೂತ. ಒಳಗೊಂದು ಕಡೆ ಹಾಯ್ ಅನ್ನಿಸುತ್ತಿತ್ತು, ಇನ್ನೊಂದು ಕಡೆ ಫೋನು ಎತ್ತಿಬಿಡೋಣ ಅನ್ನಿಸುತ್ತಿತ್ತು. ಹಾಯ್ ಅನ್ನಿಸಿದ್ದೇ ಹೆಚ್ಚು ಅಂತ ಹೇಳದಿದ್ದರೆ ಸುಳ್ಳಾಗುತ್ತದೆ.

ಚೌತಿಯ ದಿನ ತೆಂಗಿನಗುಂಡಿಯ ಮನೆಯಲ್ಲಿ ಗಣಪತಿ ಕೂತಿದ್ದ. ಪೂಜೆ ಮುಗಿಯಿತು, ಕಡುಬು, ಪಾಯಸದ ಊಟವೂ ಆಯಿತು. ಮಧುವಿನ ಮುಖ ಬಾಡಿತ್ತು. ದಿವ್ಯಶ್ರೀ ಮೆಲ್ಲಗೆ ಬಂದು, "ಬಾವ, ಇವ್ರು ಎರಡು ದಿನದಿಂದ ಸರಿ ಉಂಡಿಲ್ಲ. ವಿಮಾನಕ್ಕೆ ಎಂತದೋ ಆಗಿಹೋಯ್ತಂತೆ. ನಿಮಗೆ ಫೋನ್ ಹತ್ತಲಿಲ್ಲ" ಅಂದಳು. "ಹೌದಾ? ಸಿಗ್ನಲ್ಲೇ ಇರ್ಲಿಲ್ಲ" ಅಂದ ದೇವರಾಜ. ಗಣಪತಿಯ ಎದುರು ನಿಂತುಕೊಂಡೇ ಅಂದ, ಅಷ್ಟು ಧೈರ್ಯ ಬಂದಿತ್ತು.

ಮಾವ ಕಪಾಟಿನ ಪಕ್ಕದ ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, "ಎಲ್ಲಿ ಮಧು, ತೆಗಿ ನಿನ್ನ ಸೀ ಹಾಕ್" ಅಂದರು. ಬೆಳಗಿನಿಂದ ಅವರು ಕಾದದ್ದೇ ಅದಕ್ಕೆ. ನಡುವಿನ ಜಾಗದ ಧೂಳನ್ನೂ ತಾವೇ ಒರೆಸಿಟ್ಟಿದ್ದರು.

"ಬೇಡ ಮಾವ. ಅದು ಹಾಳಾಗಿತ್ತು. ಇನ್ನೊಂದು ಸಲ ಮಾಡಿ ತತ್ತೆ."

"ಹಾಳಾದ್ದನ್ನೇ ತೋರ್ಸು ಮಾರಾಯ. ನಾನೆಂತ ಹೊಸತು ನೋಡಿದವನಾ?"

ಮಧು ಒಲ್ಲದ ಮನಸ್ಸಿನಿಂದ ಡಬ್ಬಿ ತೆರೆದ. ದೇವರಾಜ ಕತ್ತು ಚಾಚಿ ನೋಡಿದ. ಅವನು ಬೇಡಿಕೊಂಡದ್ದಕ್ಕಿಂತ ಚೆನ್ನಾಗಿಯೇ ಹಾಳಾಗಿತ್ತು. ಕಡು ಬೂದು ಬೆನ್ನಿನ ಮೇಲೆಲ್ಲ ಬೆಳ್ಳಗೆ ಮಂಕು ಹಿಡಿದಿತ್ತು. ಮಡಚಿದ ರೆಕ್ಕೆಯ ಸಂದಿಗಳಲ್ಲಿ ದಪ್ಪ, ಬಾಲದ ಕಡೆ ತೆಳ್ಳಗೆ, ಗಾಜಿನ ಸುತ್ತ ಉಂಗುರದ ಹಾಗೆ. ಹೊಳಪು ಅನ್ನುವುದು ಹೆಸರಿಗೂ ಇಲ್ಲ. ಕಪಾಟಿನಲ್ಲಿ ಫಳಫಳ ಹೊಳೆಯುವ ತನ್ನ ವಿಮಾನಗಳನ್ನು ಒಮ್ಮೆ, ಇದನ್ನು ಒಮ್ಮೆ ನೋಡಿದ. ಎದೆಯ ಮೇಲಿದ್ದ ಕಲ್ಲು ಇಳಿದು, 'ಅಯ್ಯೋ ಪಾಪ' ಅನ್ನುವಷ್ಟು ಕರುಣೆಯೂ ಬಂತು ಅವನಿಗೆ.

ಮಾವ ವಿಮಾನವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತೋರುಬೆರಳನ್ನು ರೆಕ್ಕೆಯ ಮೇಲೆ ಮೆಲ್ಲಗೆ ಎಳೆದು, ಆ ಬೆರಳನ್ನು ನಾಲಿಗೆಗೆ ಇಟ್ಟುಕೊಂಡರು. ಸುಬ್ಬಿ, "ಎಂತ ಮಾಡ್ತ್ರಿ, ಬಣ್ಣ ಅದು" ಅಂದದ್ದು ಅವರಿಗೆ ಕೇಳಿಸಲೇ ಇಲ್ಲ.

"ಉಪ್ಪು ಅಂದ್ಕಂಡೆ" ಅಂದರು ಮಾವ. "ಬೆಳಿಗ್ಗೆ ಡೆಕ್ಕಿನ ಮೇಲೆ ಬಂದ್ರೆ ಹೀಂಗೇ ಇರ್ತಿತ್ತು. ರಾತ್ರಿಯಿಡೀ ಸಮುದ್ರದ ನೀರು ಹಾರಿ ಬಡಿದು, ಆರಿ, ಮೈಯೆಲ್ಲ ಬೆಳ್ಳಗೆ. ರೆಕ್ಕೆ ಮಡಚಿದ ಸಂದಿಲಿ ಇನ್ನೂ ದಪ್ಪ. ಸಿಹಿನೀರು ಹಾಕಿ ತೊಳೆಯೂದೇ ನಮ್ಮ ಕೆಲಸ. ತೊಳೆದದ್ದು ಸಂಜೆಗೆ ಮತ್ತೆ ಬೆಳ್ಳಗೆ. ನನ್ನ ಪ್ರಾಯ ಎಲ್ಲ ಈ ಉಪ್ಪು ಒರೆಸೂದ್ರಲ್ಲೇ ಹೋಯ್ತು." ಕಪಾಟಿನ ಕಡೆ ತಿರುಗಿದರು. "ಇವೆಲ್ಲ ಅಂಗಡಿಲಿ ಇಟ್ಟ ವಿಮಾನ. ಇದು ನಾನು ಕಂಡ ವಿಮಾನ."

ದೇವರಾಜನ ಮುಖಕ್ಕೆ ಯಾರೋ ಸಗಣಿ ನೀರು ಎರಚಿದ ಹಾಗಾಯಿತು. ಹತ್ತು ವರ್ಷದ ಫಳಫಳವೆಲ್ಲ ಒಂದೇ ಮಾತಿನಲ್ಲಿ ಅಂಗಡಿ ಸಾಮಾನಾಗಿ ಹೋಯಿತು.

"ನಿಂಗೆ ಹ್ಯಾಂಗೆ ಗೊತ್ತಾಯ್ತು ಮಧು? ನಾನು ಯಾರಿಗೂ ಹೇಳಿದ್ದಿಲ್ಲ" ಅಂತ ಕೇಳಿದರು ಮಾವ.

"ನಂಗೆಂತ ಗೊತ್ತಿಲ್ಲ ಮಾವ" ಅಂದ ಮಧು. ಅವನಿಗೆ ಇನ್ನೂ ನಂಬಿಕೆಯೇ ಬಂದಿರಲಿಲ್ಲ. "ದೇವಣ್ಣ ಹೇಳಿದ ಹಾಗೆ ಹೊಡೆದೆ, ಹೀಂಗಾಯ್ತು. ಹಾಳಾಯ್ತು ಅಂತನೇ ನಾನು ಅಂದ್ಕಂಡದ್ದು. ಬಹುಶಃ ದೇವಣ್ಣನಿಗೆ ಹೀಂಗೇ ಬರ್ಬೇಕು ಅಂತ ಗೊತ್ತಿತ್ತೇನೋ."

ಎಲ್ಲರೂ ದೇವರಾಜನ ಕಡೆ ತಿರುಗಿದರು. ನೋಡಿ, ಅದೃಷ್ಟ ಅಂದರೆ ಹೀಗೆ ಬರುತ್ತದೆ. ಹೌದು ಮಾವ, ನಾನೇ ಹೇಳಿಕೊಟ್ಟದ್ದು ಅಂದಿದ್ದರೆ ಸಾಕಿತ್ತು. ಕದ್ದ ಮಾಲಿಗೆ ಮೆರವಣಿಗೆ ಸಿಗುತ್ತಿತ್ತು. ಅವನು ಬಾಯಿ ತೆರೆದದ್ದೂ ಹಾಗೆ ಹೇಳುವುದಕ್ಕೇ. ಅಷ್ಟರಲ್ಲಿ ಮಾವ ಅಂದರು, "ಹೇಳಿಕೊಟ್ಟದ್ದು ದೇವರಾಜನೇ ಇರ್ಬಹುದು. ಹಂಗಂತ ಎಲ್ಲರ ಕೈಲೂ ಹೀಂಗೆ ಬತ್ತದಾ? ಅವನದ್ದೇ ಇಷ್ಟು ಇತ್ತು, ಒಂದರಲ್ಲಾದ್ರೂ ಬಂತಾ? ಇದು ಕೈಗುಣ. ಮಧುನ ಕೈಗುಣ."

"ಎಂತ ಕೈಗುಣ?" ಅಂದುಬಿಟ್ಟ ದೇವರಾಜ. ದನಿ ಜಗಲಿ ದಾಟಿ ಅಂಗಳಕ್ಕೆ ಕೇಳುವಷ್ಟು ಏರಿತ್ತು. "ಕೈಗುಣ ಅಲ್ಲ ಎಂತದೂ ಅಲ್ಲ. ಅದು ಹಾಳಾದ್ದು ಮಾವ. ಮಳೆಗೆ ಕ್ಲಿಯರ್ ಹೊಡೆದ್ರೆ ಯಾರ ಕೈಲಾದ್ರೂ ಹೀಂಗೇ ಬೆಳ್ಳಗಾತದೆ. ಅವ ಏಸಿ ಹಚ್ಚಿ ಹೊಡಿತೆ ಅಂದ, ಹಂಗೆ ಹೊಡೆದಿದ್ರೆ ಸರಿಯಾಗ್ತಿತ್ತು. ನಾನೇ ಬೇಡ ಅಂದೆ. ಕಿಟಕಿ ತೆಗಿ ಅಂದವನೂ ನಾನೇ. ಹಾಳಾಗ್ಲಿ ಅಂತಲೇ ಹೇಳಿದ್ದು. ಅವನಿಗೆಂತ ಕೈಗುಣ ಇತ್ತು ಅದ್ರಲ್ಲಿ?"

ಪಶ್ಚಾತ್ತಾಪದಿಂದ ಹೇಳಿದ್ದಲ್ಲ ಅದು, ಯಾರೂ ಹಾಗೆ ತಿಳಿಯಬೇಡಿ. ಷಡ್ಡಕನಿಗೆ ಆ ಒಂದು ಹೊಗಳಿಕೆ ಸಿಗಬಾರದು, ಅಷ್ಟೇ. ಅದನ್ನು ಕಿತ್ತುಕೊಳ್ಳುವುದಕ್ಕೆ ತನ್ನ ಮಾನವನ್ನೇ ಬಿಚ್ಚಿ ಎಸೆದುಬಿಟ್ಟ. ಮಾತು ಮುಗಿದ ಮೇಲೆಯೇ ಅವನಿಗೆ ತಾನು ಹೇಳಿದ್ದೇನು ಅಂತ ಕೇಳಿಸಿದ್ದು.

ಪವಿತ್ರಾ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋದಳು. ಹಿಂದೆಯೇ ಸುಬ್ಬಿಯೂ ದಿವ್ಯಶ್ರೀಯೂ ಹೋದರು.

"ಗೊತ್ತಿದ್ದೂ ಹೇಳಿದ್ಯಾ?" ಅಂತ ಕೇಳಿದರು ಮಾವ.

"ಹೌದು."

"ಎಂತಕ್ಕೆ?"

ದೇವರಾಜ ಕಪಾಟಿನ ನಡುವಿನ ಖಾಲಿ ಜಾಗವನ್ನು ನೋಡಿದ. ಮಾವನೂ ಅತ್ತ ನೋಡಿದರು.

"ಗಣಪತಿ ಕೂತ ದಿನ, ನಾನು ಬೈಯೂದಿಲ್ಲ" ಅಂದರು ಮಾವ. ಕಪಾಟಿನ ಬಾಗಿಲು ಸರಿಸಿ ಸೀ ಹಾಕನ್ನು ನಡುವಿನಲ್ಲಿ ಇಟ್ಟರು. ಅಕ್ಕಪಕ್ಕದ ದೇವರಾಜನ ವಿಮಾನಗಳನ್ನು ಮುಟ್ಟಲಿಲ್ಲ, ಅವು ಇದ್ದಲ್ಲೇ ಹೊಳೆಯುತ್ತಾ ಇದ್ದವು. ಆಮೇಲೆ ಅವರೂ ಗಣಪತಿಯ ದೀಪಕ್ಕೆ ಎಣ್ಣೆ ಹಾಕಲು ಹೋದರು.

ಮಧು ಅಂಗಳದ ಚಪ್ಪರದ ಕೆಳಗೆ ಹೋಗಿ ನಿಂತಿದ್ದ. ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ದೇವರಾಜ ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದ. ಬಣ್ಣದ ಮಾತು ಬಿಟ್ಟರೆ ಮಧುವಿನ ಹತ್ತಿರ ಬೇರೆ ಮಾತು ಆಡಿ ಅಭ್ಯಾಸವೇ ಇರಲಿಲ್ಲವಲ್ಲ.

"ಅದು ಸರಿ ಮಾಡುಕೆ ಆತದೆ" ಅಂದ. "ಮಳೆ ಬಿಟ್ಟು ಬಿಸಿಲು ಬಂದ ದಿನ ಬರೀ ಥಿನ್ನರು ತೆಳ್ಳಗೆ ಹೊಡೆದ್ರೆ ಬಿಳಿ ಹೋತದೆ. ನಾನು ಮಾಡಿಕೊಡ್ತೆ."

"ಬೇಡ ದೇವಣ್ಣ. ಮಾವನಿಗೆ ಹಂಗೇ ಬೇಕಂತೆ." ಮಧು ತಿರುಗಿ ನೋಡಲಿಲ್ಲ. ಸಿಟ್ಟಿನ ದನಿಯೂ ಅಲ್ಲ. "ಬೇರೆ ಯಾರಾದ್ರೂ ನಂಗೆ ಹೀಂಗೆ ಮಾಡಿದ್ರೆ ನಿಮಗೇ ಫೋನ್ ಮಾಡಿ ಹೇಳ್ತಿದ್ದೆ. ಅವತ್ತು ಅದು ಬೆಳ್ಳಗಾಗ್ತಾ ಬರುವಾಗ ಎಷ್ಟು ಸಲ ಮಾಡಿದೆ ಗೊತ್ತಿತ್ತಾ? ನೀವು ಎತ್ತಿದ್ರೆ ಎಂತಾದ್ರೂ ಉಪಾಯ ಹೇಳ್ತ್ರಿ ಅಂತ ಧೈರ್ಯ ಇತ್ತು."

ದೇವರಾಜ ಜೇಬಿನಲ್ಲಿದ್ದ ಮೊಬೈಲನ್ನು ಮುಟ್ಟಿ ನೋಡಿಕೊಂಡ.

"ಇನ್ನು ನಾನು ಯಾರತ್ರ ಕೇಳೂದು ದೇವಣ್ಣ?" ಅಂದ ಮಧು.

ನನ್ನ ಹತ್ತಿರವೇ ಕೇಳು ಅನ್ನುವುದಕ್ಕೆ ದೇವರಾಜನಿಗೆ ಬಾಯಿ ಬರಲಿಲ್ಲ. ಬೇರೆ ಯಾರ ಹೆಸರನ್ನಾದರೂ ಹೇಳೋಣ ಅಂದರೆ ಭಟ್ಕಳದಿಂದ ಕುಮಟೆಯವರೆಗೆ ಇದನ್ನು ಬಲ್ಲವರು ಇನ್ನೊಬ್ಬರು ಇರಲಿಲ್ಲ. ಒಳಗಿನಿಂದ ದಿವ್ಯಶ್ರೀ ಚಹಾಕ್ಕೆ ಕರೆದಳು. ಮಧು ಕಾಲು ತೊಳೆದುಕೊಂಡು ಒಳಗೆ ಹೋದ.